ಕೆಳಗೆ ಕೂತವನೇ ಎದ್ದು ಕಾಣಬೇಕು

ಒಂದೇ ಹಲಗೆಯಲ್ಲಿ ಹಲವು ಜನರನ್ನು ಕೆತ್ತುವಾಗ ಮುಖ್ಯವಾದವರನ್ನು ನಡುವೆ ಇಡುತ್ತೇವೆ. ಉಳಿದವರಿಗಿಂತ ಸ್ವಲ್ಪ ಎತ್ತರ, ಸ್ವಲ್ಪ ದೊಡ್ಡದು. ನೋಡುವವರ ಕಣ್ಣು ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಯಾರ ಹತ್ತಿರವೂ ಕೆತ್ತನೆ ಕಲಿಯದ ನನಗೂ ಇಷ್ಟು ಗೊತ್ತಿತ್ತು. ಆದರೆ ಈ ಸಲ ನಾನು ಆರಿಸಿಕೊಂಡ ದೃಶ್ಯದಲ್ಲಿ ಮುಖ್ಯವಾದವನು ನೆಲಕ್ಕೆ ಮಂಡಿಯೂರಿ ಬೇರೆಯವರ ಕಾಲು ತೊಳೆಯುತ್ತಿದ್ದಾನೆ. ಉಳಿದವರೆಲ್ಲ ಮೇಲೆ ಕೂತಿದ್ದಾರೆ. ಆತನನ್ನು ಮೇಲೆ ತರುವ ಹಾಗಿಲ್ಲ, ತಂದರೆ ಕಥೆಯೇ ಕೆಡುತ್ತದೆ. ಕೆಳಗೇ ಬಿಟ್ಟರೆ ಕಣ್ಣಿಗೆ ಬೀಳುವುದಿಲ್ಲ.

ನಮ್ಮ ಪ್ರಾರ್ಥನಾ ಮಂದಿರದ ಗೋಡೆಗೆ ಒಂದು ಕೆತ್ತನೆ ಮಾಡಿಕೊಡ್ತೀರಾ ಎಂದು ಸಭೆಯ ಹಿರಿಯರೊಬ್ಬರು ಕೇಳಿದ್ದರು. ದೃಶ್ಯ ಯಾವುದೆಂಬುದನ್ನು ನನಗೇ ಬಿಟ್ಟರು. ನಾನು ಬೈಬಲ್‌ನಲ್ಲಿರುವ ಯೋಹಾನನ ಸುವಾರ್ತೆಯ 13ನೇ ಅಧ್ಯಾಯ ಹಿಡಿದೆ. ಕಡೆಯ ರಾತ್ರಿಯ ಊಟವನ್ನು ಉಳಿದ ಮೂರು ಸುವಾರ್ತೆಗಳೂ ಹೇಳುತ್ತವೆ. ಆ ರಾತ್ರಿ ಯೇಸು ಶಿಷ್ಯರ ಕಾಲು ತೊಳೆದದ್ದನ್ನು ಹೇಳುವುದು ಯೋಹಾನ ಮಾತ್ರ. ಯೇಸು ಊಟದಿಂದ ಎದ್ದು, ಮೇಲಂಗಿ ತೆಗೆದಿಟ್ಟು, ಸೊಂಟಕ್ಕೆ ಟವೆಲ್ ಕಟ್ಟಿಕೊಂಡು, ಬೋಗುಣಿಗೆ ನೀರು ಹಾಕುತ್ತಾನೆ. ಓದಿ ನೋಡಿ, ಒಂದಾದ ಮೇಲೆ ಒಂದು ಕೆಲಸ ಹೇಗೆ ಬರುತ್ತದೆ ಅಂತ. ಕೈಯಿಂದ ಕೆಲಸ ಮಾಡುವವರಿಗೆ ಆ ಸಾಲುಗಳು ತಕ್ಷಣ ಹಿಡಿಸುತ್ತವೆ.

ನಾನು ಶುರು ಮಾಡಿದ್ದು ಸೌಟು, ಚಮಚಗಳಿಂದ. ಆಮೇಲೆ ಹಕ್ಕಿ, ಎಲೆ. ವಿಡಿಯೊ ನೋಡಿದೆ. ಹಳೆಯ ಕೆತ್ತನೆಗಳ ಫೋಟೊಗಳನ್ನು ದೊಡ್ಡದು ಮಾಡಿ, ಉಳಿ ಯಾವ ಕಡೆಯಿಂದ ಯಾವ ಕಡೆಗೆ ಹೋಗಿದೆ ಅಂತ ಹುಡುಕಿದೆ. ಹೀಗೆ ಕಲಿತವರಿಗೆ ಒಬ್ಬ ಹಿರಿಯಣ್ಣ ಇದ್ದಾನೆ: ಅಮೆರಿಕದ ಎಲೈಜಾ ಪಿಯರ್ಸ್. 1892ರಲ್ಲಿ ಮಿಸಿಸಿಪ್ಪಿಯಲ್ಲಿ ಹುಟ್ಟಿದವನು. ಓಹಾಯೊದ ಕೊಲಂಬಸ್‌ನಲ್ಲಿ ಕ್ಷೌರದಂಗಡಿ ಇಟ್ಟುಕೊಂಡಿದ್ದ, ಜೊತೆಗೆ ಬೋಧಕ. ಗಿರಾಕಿ ಇಲ್ಲದ ಹೊತ್ತಲ್ಲಿ ಚಾಕು ಹಿಡಿದು ಬೈಬಲ್ ಕಥೆಗಳನ್ನು ಕೆತ್ತಿ ಬಣ್ಣ ಬಳಿಯುತ್ತಿದ್ದ. 1932ರಲ್ಲಿ ಯೇಸುವಿನ ಬದುಕನ್ನು ದೊಡ್ಡ ಮರದ ಪುಟಗಳಲ್ಲಿ ಕೆತ್ತಿದ. ತೀರಿಕೊಳ್ಳುವ ಎರಡು ವರ್ಷ ಮುಂಚೆ, 1982ರಲ್ಲಿ, ಅವನಿಗೆ ಅಲ್ಲಿನ ರಾಷ್ಟ್ರೀಯ ಪರಂಪರೆ ಗೌರವ ಬಂತು. ಅವನ ಕೆತ್ತನೆಯಲ್ಲಿ ಅಂಗರಚನೆ ಪಕ್ಕಾ ಇಲ್ಲ. ತಲೆ ದೊಡ್ಡದು, ಕಾಲು ಗಿಡ್ಡ. ಆದರೂ ಕಥೆಯಲ್ಲಿ ಯಾರು ಏನು ಮಾಡುತ್ತಿದ್ದಾರೆ ಎಂಬುದರಲ್ಲಿ ಒಂದಿಷ್ಟೂ ಗೊಂದಲ ಇಲ್ಲ. ನನಗೆ ಬೇಕಿದ್ದ ಧೈರ್ಯ ಅದೇ.

ಕೆಲಸ ಶುರುವಾಗುವ ಮೊದಲೇ ಸಭೆಯ ಗೆಳೆಯರೊಬ್ಬರು ಕೇಳಿದರು. "ಅಲ್ಲಾ ಬ್ರದರ್, ಕೆತ್ತಿದ ವಿಗ್ರಹ ಮಾಡಬೇಡ ಅಂತ ಆಜ್ಞೆಯೇ ಇದೆಯಲ್ಲ?" ಇದು ಸುಮ್ನೆ ತಳ್ಳಿಹಾಕುವ ಪ್ರಶ್ನೆಯಲ್ಲ. 1524ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಊರಿನ ಚರ್ಚುಗಳಿಂದ ಮೂರ್ತಿಗಳನ್ನೆಲ್ಲ ಹೊರಗೆ ಹಾಕಿದ್ದು ಇದೇ ಮಾತಿನ ಮೇಲೆ. ಆಜ್ಞೆ ಇರುವುದು ಬೈಬಲ್‌ನ ವಿಮೋಚನಕಾಂಡದ 20ನೇ ಅಧ್ಯಾಯದಲ್ಲಿ. ಅದೇ ಪುಸ್ತಕದ 31ನೇ ಅಧ್ಯಾಯದಲ್ಲಿ ದೇವರು ಬೆಚಲೇಲ ಎಂಬವನನ್ನು ಹೆಸರು ಹಿಡಿದು ಕರೆದು, ತನ್ನ ಆತ್ಮವನ್ನು ತುಂಬಿ, ಚಿನ್ನ ಬೆಳ್ಳಿ ಕಲ್ಲುಗಳ ಜೊತೆಗೆ ಮರದ ಕೆತ್ತನೆಯ ಜಾಣತನವನ್ನೂ ಕೊಡುತ್ತಾನೆ. ರಾಜ ಸೊಲೊಮೋನನ ದೇವಾಲಯದ ಒಳಗೆ ಆಲಿವ್ ಮರದ ಕೆರೂಬಿಗಳು, ಅಂದರೆ ರೆಕ್ಕೆಯಿರುವ ದೂತರ ಮೂರ್ತಿಗಳು, ಹತ್ತು ಮೊಳ ಎತ್ತರ ಇದ್ದವು. ಹಾಗಾದರೆ ತಕರಾರು ಉಳಿಯ ಮೇಲಲ್ಲ, ಕೆತ್ತಿದ್ದಕ್ಕೆ ಅಡ್ಡಬೀಳುವುದರ ಮೇಲೆ. ನಾನು ಹೀಗೆ ಓದಿಕೊಂಡಿದ್ದೇನೆ. ಗೆಳೆಯರು ಪೂರ್ತಿ ಒಪ್ಪಲಿಲ್ಲ, ಒಪ್ಪಬೇಕೆಂದೂ ಇಲ್ಲ. ಆದರೆ ಅವರ ಪ್ರಶ್ನೆಯಿಂದ ನನಗೊಂದು ನಿಯಮ ಸಿಕ್ಕಿತು. ಎದುರಿಗೆ ನಿಂತವರನ್ನೇ ನೋಡುವ ಮುಖ ಈ ಹಲಗೆಯಲ್ಲಿ ಇರಬಾರದು. ಎಲ್ಲರ ಕಣ್ಣೂ ನಡೆಯುತ್ತಿರುವ ಕೆಲಸದ ಮೇಲಿರಬೇಕು.

ಮರ ಆರಿಸಿದ್ದು ಯೇಸುವಿನ ಕೈಯಲ್ಲಿರುವ ಶಿಷ್ಯ ಪೇತ್ರನ ಪಾದದ ಲೆಕ್ಕದಲ್ಲಿ. ನನ್ನ ಹತ್ತಿರ ತೇಗದ ಹಲಗೆಯೂ ಇತ್ತು, ಶಿವನೆ ಮರದ್ದೂ ಇತ್ತು. ತೇಗ ಗಟ್ಟಿಮುಟ್ಟು, ಹುಳ ಹಿಡಿಯುವುದು ಕಡಿಮೆ. ಆದರೆ ಅದರೊಳಗೆ ಸಿಲಿಕಾ, ಅಂದರೆ ಮರಳಿನಂಥ ಗಟ್ಟಿ ಕಣ ಇರುತ್ತದೆ, ಉಳಿಯ ಬಾಯಿ ಬೇಗ ಹೋಗುತ್ತದೆ. ಎಳೆಯೂ ದಪ್ಪ, ಉಗುರಿನಷ್ಟು ಸಣ್ಣ ಕೆಲಸಕ್ಕೆ ಒಗ್ಗುವುದಿಲ್ಲ. ಶಿವನೆ ಮೆದು. ಬಣ್ಣ ತಿಳಿ, ನೆರಳು ಚೆನ್ನಾಗಿ ಕಾಣುತ್ತದೆ. ಒಣಗಿದ ಮೇಲೆ ಅಷ್ಟಾಗಿ ಸೊಟ್ಟಗಾಗುವುದಿಲ್ಲ. ಅದನ್ನೇ ತೆಗೆದುಕೊಂಡೆ.

ನಿಲುವಾಗಿ ಇಡುವುದಾ, ಅಡ್ಡಡ್ಡವಾಗಿ ಇಡುವುದಾ ಎಂಬಲ್ಲಿ ಒಂದಿಷ್ಟು ತಡವಾಯಿತು. ಗೋಡೆಯ ಜಾಗಕ್ಕೆ ನಿಲುವಾದ ಹಲಗೆಯೇ ಚೆಂದ. ಬಡಗಿ ಕೆಲಸದ ಗೆಳೆಯ ನನ್ನ ಚಿತ್ರ ನೋಡಿ ಹೇಳಿದ. "ಅಣ್ಣಾ, ಎಳೆ ಮೇಲಿಂದ ಕೆಳಗೆ ಬಂದ್ರೆ ಈ ಕಾಲು ಎಳೆಗೆ ಅಡ್ಡ ಬೀಳುತ್ತೆ. ಬೆರಳು ನಿಲ್ಲಲ್ಲ. ಒರೆಸೋವಾಗ ಬಟ್ಟೆ ತಾಗಿದ್ರೂ ಸಾಕು, ಪಟ್ ಅಂತ ಹೋಗುತ್ತೆ." ಮರದ ಬಲ ಇರುವುದು ಎಳೆಯ ಉದ್ದಕ್ಕೆ. ಎಳೆಗೆ ಅಡ್ಡವಾಗಿ ಕೆತ್ತಿದ ಸಣ್ಣ ಚಾಚು ಯಾವಾಗ ಬೇಕಾದರೂ ಮುರಿಯಬಹುದು. ಪೇತ್ರನ ಪಾದ ಅಡ್ಡಕ್ಕೆ ಚಾಚಿದೆ. ಯೇಸುವಿನ ಮುಂಗೈ, ಬೆರಳು, ಬಗ್ಗಿದ ಬೆನ್ನು ಎಲ್ಲವೂ ಅಡ್ಡಕ್ಕೇ ಹೋಗುತ್ತವೆ. ಹಾಗಾಗಿ ಹಲಗೆ ಅಡ್ಡಡ್ಡ ಮಲಗಿತು. ಇದರಿಂದ ಇನ್ನೊಂದು ಲಾಭವೂ ಆಯಿತು. ಅಡ್ಡ ಹಲಗೆಯಲ್ಲಿ ಮೇಲೆ, ಕೆಳಗೆ ಎಂಬ ಅಂತರವೇ ಕಡಿಮೆ. ಕೂತವರು ತೀರಾ ಎತ್ತರಕ್ಕೆ ಹೋಗಲಿಲ್ಲ.

ಚಿತ್ರ ಬರೆಯಲು ಹೆಂಡತಿಯನ್ನು ಸ್ಟೂಲ್ ಮೇಲೆ ಕೂರಿಸಿ, ಮುಂದೆ ಬೋಗುಣಿ ಇಟ್ಟು, ಕಾಲೆತ್ತಲು ಹೇಳಿದೆ. ಫೋನನ್ನು ನೆಲದ ಮೇಲಿಟ್ಟು ಫೋಟೊ ತೆಗೆದೆ. "ರೀ, ಇನ್ನೂ ಎಷ್ಟು ಹೊತ್ತು ಹೀಗೇ ಕಾಲೆತ್ತಿಕೊಂಡಿರಲಿ?" ಎಂದಳು. ಆ ಹೊತ್ತಿಗೆ ಅವಳ ಎರಡೂ ಕೈ ಸ್ಟೂಲಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದವು. ಬೆರಳ ಗೆಣ್ಣು ಬೆಳ್ಳಗಾಗಿತ್ತು. ಹಳೆಯ ಚಿತ್ರಗಳಲ್ಲಿ ಪೇತ್ರ ಸಾಮಾನ್ಯವಾಗಿ ಕೈ ಮುಂದೆ ಚಾಚಿ ಬೇಡ ಎನ್ನುತ್ತಿರುತ್ತಾನೆ. ನಿಜವಾಗಿ ಒಂದು ಕಾಲು ಬೇರೆಯವರ ಕೈಯಲ್ಲಿದ್ದರೆ ಮನುಷ್ಯ ಮೊದಲು ಕೂತ ಜಾಗವನ್ನು ಹಿಡಿದುಕೊಳ್ಳುತ್ತಾನೆ. ಅದೇ ಸರಿ ಅನ್ನಿಸಿತು. ಪೇತ್ರನ ಎರಡು ಕೈಯೂ ಬೆಂಚಿನ ಅಂಚಿಗೆ ಬಂದವು. ನನ್ನ ಕಾಲು ತೊಳೆಯಲೇ ಕೂಡದು ಎಂದ ಮನುಷ್ಯ, ಮರುಗಳಿಗೆಯಲ್ಲೇ ಕೈ, ತಲೆಯನ್ನೂ ತೊಳೆ ಎನ್ನುತ್ತಾನಲ್ಲ, ನಾನು ಹಿಡಿಯಲು ಹೊರಟದ್ದು ಆ ಎರಡು ಮಾತುಗಳ ನಡುವಿನ ಹೊತ್ತು.

ಇನ್ನು ಆಳದ ವಿಷಯ. ಉಬ್ಬು ಕೆತ್ತನೆಯಲ್ಲಿ ಇರುವುದೇ ಅಷ್ಟು, ಯಾವುದು ಎಷ್ಟು ಮುಂದೆ ಬರುತ್ತದೆ, ಯಾವುದು ಎಷ್ಟು ಹಿಂದೆ ಹೋಗುತ್ತದೆ. ಹಲಗೆ 45 ಮಿಲಿಮೀಟರ್ ದಪ್ಪ. ಹಿಂದೆ 15 ಬಿಟ್ಟರೆ ನನ್ನ ಕೈಗೆ ಸಿಗುವುದು 30. ಅದನ್ನು ಎಲ್ಲರಿಗೂ ಹಂಚಬೇಕು. ನಾನು ಎಲ್ಲವನ್ನೂ ಮಂಡಿಯೂರಿದವನಿಗೆ ಕೊಟ್ಟೆ. ಆತನ ಬೆನ್ನು, ಭುಜ ಹಲಗೆಯ ಮೂಲ ಮಟ್ಟದಲ್ಲೇ ನಿಲ್ಲುತ್ತವೆ. ಪೇತ್ರನ ಮೊಣಕಾಲು ಅದಕ್ಕಿಂತ ಸ್ವಲ್ಪ ಒಳಗೆ. ಉಳಿದ ಶಿಷ್ಯರ ಮುಖಗಳು ಹಿಂದಕ್ಕೆ ಹೋಗಿ ಹೆಚ್ಚುಕಡಿಮೆ ಚಪ್ಪಟೆಯಾಗುತ್ತವೆ. ಜಾಗದಲ್ಲಿ ಆತನನ್ನು ಎತ್ತುವ ಹಾಗಿಲ್ಲ ಅಂದಮೇಲೆ ಆಳದಲ್ಲಿ ಎತ್ತಿದೆ. ಎದುರಿನಿಂದ ನೋಡಿದರೆ ಆತ ಎಲ್ಲರಿಗಿಂತ ಕೆಳಗೆ. ಪಕ್ಕದಿಂದ ನೋಡಿದರೆ ಎಲ್ಲರಿಗಿಂತ ಮುಂದೆ. ಇದು ಹೊಳೆದದ್ದು ಜೇಡಿಮಣ್ಣಿನಲ್ಲಿ ಸಣ್ಣ ಮಾದರಿ ಮಾಡುವಾಗ. ಮಣ್ಣಿಗೆ ಪಕ್ಕದಿಂದ ಟಾರ್ಚ್ ಹಿಡಿದೆ. ಬೆನ್ನಿನ ನೆರಳು ಹೋಗಿ ಉಳಿದವರ ಮೊಣಕಾಲುಗಳ ಮೇಲೆ ಬಿತ್ತು.

ನಂಬಿಕೆ ಇಟ್ಟುಕೊಂಡು ಕೆಲಸ ಮಾಡುವವರು ಉಳಿ ಹಿಡಿಯುವ ಮುಂಚೆ ಕಣ್ಣುಮುಚ್ಚಿ ಕೂರುತ್ತಾರೆ ಎಂದು ಕೆಲವರು ಅಂದುಕೊಂಡಿದ್ದಾರೆ. ನಾನೂ ಕೂರುತ್ತೇನೆ. ಆದರೆ ನಂಬಿಕೆಗೆ ನಿಜವಾದ ಕೆಲಸ ಬೀಳುವುದು ಮಿಲಿಮೀಟರ್ ಹಂಚುವಾಗ.

ಕಾರ್ಬನ್ ಪೇಪರ್ ಇಟ್ಟು ಗೆರೆ ಇಳಿಸಿ, ಹಲಗೆಯನ್ನು ಕ್ಲ್ಯಾಂಪ್ ಹಾಕಿ ಬಿಗಿದ ಮೇಲೆ ಸಾಣೆ. ಹೊಸಬರು ಸಾಣೆಯ ಬಗ್ಗೆ ತುಂಬಾ ಕೇಳುತ್ತಾರೆ, ಅದಕ್ಕೇ ಹೇಳುತ್ತೇನೆ. ಉಳಿ ಹರಿತವಾಗಿದೆಯಾ ಎಂದು ಬೆರಳಿನಿಂದ ನೋಡಬೇಡಿ. ಮೆದು ಮರದ ತುಂಡೊಂದನ್ನು ತೆಗೆದುಕೊಂಡು ಎಳೆಗೆ ಅಡ್ಡವಾಗಿ ಒಂದು ಗೀರು ಎಳೆಯಿರಿ. ಕೊರೆದ ಜಾಗ ಪೂರ್ತಿ ಹೊಳೆದರೆ ಉಳಿ ಸರಿ ಇದೆ. ಹೊಳಪಿನ ನಡುವೆ ಕೂದಲಿನಷ್ಟು ಸಣ್ಣ ಬಿಳಿ ಗೆರೆ ಕಂಡರೆ ಬಾಯಿಯಲ್ಲಿ ಎಲ್ಲೋ ಚೂರು ಹಾರಿದೆ. ಆ ಗೆರೆ ಹೋಗುವವರೆಗೆ ಸಾಣೆಕಲ್ಲು, ಆಮೇಲೆ ಚರ್ಮದ ಪಟ್ಟಿ. ಕೆಲಸದ ನಡುವೆ ಆಗಾಗ ಚರ್ಮಕ್ಕೆ ಎಳೆಯುತ್ತಿದ್ದರೆ ಕಲ್ಲಿಗೆ ಹೋಗುವುದು ಅಪರೂಪ. ಮೊಂಡು ಉಳಿಗೆ ಜಾಸ್ತಿ ಒತ್ತಡ ಬೇಕು, ಜಾಸ್ತಿ ಒತ್ತಿದರೆ ಜಾರುತ್ತದೆ. ಮರ ಅಲ್ಲಾಡದ ಹಾಗೆ ಬಿಗಿದು, ಎರಡು ಕೈಯನ್ನೂ ಉಳಿಯ ಮೇಲೇ ಇಡಿ. ಮರ ಹಿಡಿಯುವ ಕೈ ಅಂತ ಒಂದು ಇದ್ದರೆ ಗಾಯ ಆಗುವುದು ಅದಕ್ಕೇ.

ಮೊದಲು ಹಿನ್ನೆಲೆ ಇಳಿಸುವುದು. ಇದು ಬೇಸರದ ಕೆಲಸ, ಹೇಳುವುದಕ್ಕೆ ಹೆಚ್ಚೇನೂ ಇಲ್ಲ. ಕೊಡತಿ, ಅಗಲ ಬಾಯಿಯ ಗೌಜ್ (ಬಾಯಿ ಬಾಗಿರುವ ಉಳಿ), ರಾಶಿ ರಾಶಿ ಚಕ್ಕೆ. ಎಳೆಗೆ ಅಡ್ಡವಾಗಿ ಹೊಡೆದರೆ ಸಿಬಿರು ಏಳುವುದಿಲ್ಲ. ಆಮೇಲೆ ದೊಡ್ಡ ಆಕಾರಗಳು. ಬೆನ್ನು ಒಂದು ಗುಡ್ಡೆ, ಬೋಗುಣಿ ಒಂದು ಗುಡ್ಡೆ, ಮೂಗು ಬಾಯಿ ಯಾವುದೂ ಇಲ್ಲ. ಈ ಹಂತದಲ್ಲಿ ಒಂದು ಕಣ್ಣು ಎಷ್ಟು ಚೆನ್ನಾಗಿ ಬರುತ್ತೆ ನೋಡೋಣ ಅಂತ ಕೈ ತುರಿಸುತ್ತದೆ. ತಡೆದುಕೊಳ್ಳಬೇಕು. ಒಂದು ಕಡೆ ಮುಗಿಸಿಬಿಟ್ಟರೆ ಉಳಿದದ್ದೆಲ್ಲ ಅದಕ್ಕೆ ಹೊಂದಬೇಕಾಗುತ್ತದೆ.

ಒಬ್ಬ ಶಿಷ್ಯನ ಭುಜದ ಕೆಳಗೆ ಗಂಟು ಸಿಕ್ಕಿತು. ಗಂಟಿನ ಸುತ್ತ ಎಳೆ ಸುತ್ತಿಕೊಂಡು ಹೋಗುತ್ತದೆ, ಒಂದೇ ದಿಕ್ಕಿನಿಂದ ಕೊರೆದರೆ ಅರ್ಧ ದಾರಿಯಲ್ಲಿ ಕಿತ್ತು ಬರುತ್ತದೆ. ಎರಡೂ ಕಡೆಯಿಂದ ಸಣ್ಣ ಸಣ್ಣದಾಗಿ ಬಂದು ನಡುವೆ ಸೇರಿಸಬೇಕಾಯಿತು.

ಆ ಶಿಷ್ಯ ಯೂದ, ಆಮೇಲೆ ಯೇಸುವನ್ನು ಹಿಡಿದುಕೊಟ್ಟವನು. ಗಂಟು ಅವನಿಗೇ ಸಿಕ್ಕಿದ್ದಕ್ಕೆ ಮನೆಯಲ್ಲಿ ಎಲ್ಲರೂ ನಕ್ಕರು, ನಾನು ಅರ್ಥ ಹುಡುಕಲು ಹೋಗಲಿಲ್ಲ. ನನಗೆ ಮುಖ್ಯವಾಗಿದ್ದು ಬೇರೆ. ಯೂದ ಎದ್ದು ಹೊರಗೆ ಹೋಗುವುದು ಅದೇ ಅಧ್ಯಾಯದ 30ನೇ ವಚನದಲ್ಲಿ. ಕಾಲು ತೊಳೆಯುವುದು ಅದಕ್ಕಿಂತ ಮುಂಚೆ. ಅಂದರೆ ಅವನ ಕಾಲನ್ನೂ ಯೇಸು ತೊಳೆದಿದ್ದಾನೆ. ಇದನ್ನು ಮರದಲ್ಲಿ ಹೇಗೆ ತೋರಿಸುವುದು? ಒದ್ದೆ ಕಾಲನ್ನು ಕೆತ್ತಲು ಬರುವುದಿಲ್ಲ. ಕೊನೆಗೆ ಹೀಗೆ ಮಾಡಿದೆ: ಸರದಿಗೆ ಕಾಯುತ್ತಿರುವವರ ಕಾಲಲ್ಲಿ ಚಪ್ಪಲಿ ಇದೆ, ತೊಳೆದಾದವರದು ಬರಿಗಾಲು. ಯೂದನದು ಬರಿಗಾಲು. ಹಣದ ಚೀಲ ಅವನ ಹತ್ತಿರ ಇರುತ್ತಿತ್ತು ಎಂದು ಯೋಹಾನನೇ ಹೇಳುತ್ತಾನೆ. ಆ ಚೀಲವನ್ನು ಅವನ ಸೊಂಟದ ಮಡಿಕೆಯಲ್ಲಿ ಅರ್ಧ ಕಾಣುವಂತೆ ಇಟ್ಟೆ. ಹುಡುಕಿದವರಿಗೆ ಸಿಗುತ್ತದೆ. ಅವನ ಮುಖವನ್ನು ವಿಕಾರ ಮಾಡಲಿಲ್ಲ. ಜರ್ಮನಿಯ ಟಿಲ್ಮನ್ ರೀಮೆನ್‌ಶ್ನೈಡರ್ 1501ರಿಂದ 1505ರ ನಡುವೆ ರೋಥೆನ್‌ಬರ್ಗ್ ಊರಿನ ಚರ್ಚಿಗೆ ಕೆತ್ತಿಕೊಟ್ಟ ಕಡೆಯ ಊಟದ ದೃಶ್ಯದಲ್ಲಿ ಯೂದನನ್ನು ನಟ್ಟನಡುವೆ ನಿಲ್ಲಿಸಿದ್ದಾನೆ. ಕೈಯಲ್ಲಿ ಚೀಲ ಹಿಡಿದು ನಿಂತ ಒಬ್ಬ ಸಾಮಾನ್ಯ ಮನುಷ್ಯ. ಅದರ ಫೋಟೊ ಮುಂದೆ ನಾನು ಕಳೆದ ಹೊತ್ತು ಅಷ್ಟಿಷ್ಟಲ್ಲ.

ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದದ್ದು ಪೇತ್ರನ ಪಾದ. ಹಿಮ್ಮಡಿ ಇನ್ನೂ ನೀರಿಗೆ ತಾಗಿಲ್ಲ, ಯೇಸುವಿನ ಅಂಗೈ ಮೇಲಿದೆ. ಬೆರಳುಗಳು ಒಳಕ್ಕೆ ಮುದುಡಿವೆ. ನಾಚಿಕೆಯಾದಾಗ ಕಾಲ್ಬೆರಳು ಹಾಗೇ ಮಾಡುತ್ತವೆ, ಬೇಕಾದರೆ ನಿಮ್ಮ ಕಾಲನ್ನು ಯಾರ ಕೈಗಾದರೂ ಕೊಟ್ಟು ನೋಡಿ. ಬೆರಳು ಮುದುಡಿದಾಗ ಪಾದದ ಮೇಲಿನ ನರಗಳು ಎದ್ದು ಬರುತ್ತವೆ, ಹೆಬ್ಬೆರಳ ಬುಡದ ಕೀಲು ಉಬ್ಬುತ್ತದೆ, ಅಂಗಾಲಿನ ಗುಳಿ ಆಳವಾಗುತ್ತದೆ. ಆ ಗುಳಿಯನ್ನು ಸಣ್ಣ ಗೌಜ್‌ನಿಂದ ಒಂದೇ ಎಳೆತದಲ್ಲಿ ತೆಗೆಯಬೇಕು. ಎರಡು ಸಲ ಮುಟ್ಟಿದರೆ ಅಂಚು ಕಾಣುತ್ತದೆ. ಬೆರಳುಗಳ ನಡುವೆ ಚಾಕುವಿನ ತುದಿ. ಬೆರಳ ಕೆಳಗಿನ ಮರವನ್ನು ಕೊನೆಯವರೆಗೂ ತೆಗೆಯಲಿಲ್ಲ. ಮೇಲಿನ ಕೆಲಸ ಮುಗಿಯುವವರೆಗೆ ಅದು ಒತ್ತು ಕೊಡಬೇಕು. ಅಡಿಯಲ್ಲಿ ಕೊರೆದು ಬಿಡಿಸುವುದು ಯಾವಾಗಲೂ ಕಡೆಗೆ.

ಯೇಸುವಿನ ಮುಖ ಬಹುಪಾಲು ಕಾಣುವುದಿಲ್ಲ. ಬೈತಲೆ, ಹಣೆಯ ಅಂಚು, ಮೂಗಿನ ತುದಿ, ಇಷ್ಟೇ. ಕಾಲು ತೊಳೆಯುವವನು ಕಾಲನ್ನೇ ನೋಡುತ್ತಾನೆ, ಅಲ್ವಾ? ಆತನ ಮುಖ ಹೇಗಿತ್ತು ಎಂದು ನಾಲ್ಕು ಸುವಾರ್ತೆಗಳಲ್ಲೂ ಒಂದು ಸಾಲೂ ಇಲ್ಲ. ನಾನು ಕಲ್ಪಿಸಿ ಕೆತ್ತುವ ಬದಲು ಬೆನ್ನು, ಕೈ ಕೆತ್ತಿದೆ. ಗೆಳೆಯರ ಪ್ರಶ್ನೆಗೂ ಅಲ್ಲಿ ಉತ್ತರ ಇತ್ತು.

ಮುಗಿಸುವಾಗ ಎರಡು ತೀರ್ಮಾನ ಬಾಕಿ ಇದ್ದವು. ಉಜ್ಜಿ ನುಣುಪು ಮಾಡುವುದಾ? ಬಣ್ಣ ಹಚ್ಚುವುದಾ?

ಜಪಾನಿನಲ್ಲಿ ಎಂಕು ಎಂಬ ಬೌದ್ಧ ಸನ್ಯಾಸಿ ಇದ್ದ, 1632ರಿಂದ 1695ರವರೆಗೆ. 1,20,000 ಬುದ್ಧಮೂರ್ತಿ ಕೆತ್ತುತ್ತೇನೆ ಎಂದು ಹರಕೆ ಹೊತ್ತಿದ್ದ ಎನ್ನುತ್ತಾರೆ. ಮರವನ್ನು ಸೀಳಿ, ಕತ್ತಿ, ಉಳಿಯ ಗುರುತು ಹಾಗೇ ಬಿಡುತ್ತಿದ್ದ. ಅವನ ನಂಬಿಕೆ ಬೇರೆ, ನನ್ನದು ಬೇರೆ. ಆದರೆ ಆ ಗುರುತುಗಳನ್ನು ನೋಡಿದರೆ ಕೆಲಸ ಈಗಷ್ಟೇ ನಡೆದಂತಿದೆ. ನಾನೂ ಉಳಿಯ ಗುರುತು ಬಿಟ್ಟೆ. ಸ್ಯಾಂಡ್ ಪೇಪರ್ ತಾಗಿದ್ದು ಬೋಗುಣಿಯ ನೀರಿಗೆ ಮಾತ್ರ, ಅದೂ ಉಳಿಯ ಕೆಲಸ ಎಲ್ಲ ಮುಗಿದ ಮೇಲೆ. ಉಜ್ಜಿದ ಮರದಲ್ಲಿ ಮರಳಿನ ಕಣ ಸಿಕ್ಕಿಕೊಂಡಿರುತ್ತದೆ, ಆಮೇಲೆ ಅಲ್ಲಿ ಉಳಿ ಹಾಕಿದರೆ ಬಾಯಿ ಹೋಯಿತೆಂದೇ ಲೆಕ್ಕ. ಈಗ ಹಲಗೆಯಲ್ಲಿ ಬೆಳಕು ನುಣ್ಣಗೆ ಜಾರುವ ಜಾಗ ಅದೊಂದೇ. ಕಣ್ಣು ಅಲ್ಲಿಗೆ ಇಳಿಯಲು ಅದೂ ಒಂದು ದಾರಿಯಾಯಿತು.

ಬಣ್ಣದ ಜಗಳ ಹಳೆಯದು. ಇದೇ ರೀಮೆನ್‌ಶ್ನೈಡರ್ 1490ರ ದಶಕದ ಶುರುವಿನಲ್ಲಿ ಮ್ಯೂನರ್‌ಸ್ಟಾಟ್ ಎಂಬಲ್ಲಿನ ಚರ್ಚಿಗೆ ಲಿಂಡನ್ ಮರದಲ್ಲಿ ಕೆತ್ತಿ, ಬಣ್ಣ ಹಚ್ಚದೆ ಕೊಟ್ಟಿದ್ದ. ಹತ್ತು ಹನ್ನೆರಡು ವರ್ಷ ಆದಮೇಲೆ ಇನ್ನೊಬ್ಬ ದೊಡ್ಡ ಶಿಲ್ಪಿ ಫೈಟ್ ಸ್ಟೋಸ್‌ನ ಕೈಯಲ್ಲಿ ಅದಕ್ಕೆ ಬಣ್ಣ ಹಾಕಿಸಿದರು. ನಮ್ಮಲ್ಲೂ "ಒಂಚೂರು ಕಲರ್ ಕೊಟ್ಟಿದ್ರೆ ಚೆನ್ನಾಗಿರ್ತಿತ್ತು" ಅಂದವರಿದ್ದಾರೆ. ಪಿಯರ್ಸ್‌ನ ಕೆತ್ತನೆಗೆ ಬಣ್ಣ ಬೇಕೇ ಬೇಕು, ಅವನ ಆಳ ಕಡಿಮೆ. ನನ್ನದು ನೆರಳಿನ ಮೇಲೆ ನಿಂತ ಕೆತ್ತನೆ. ಬಣ್ಣ ಹಚ್ಚಿದರೆ ಕಣ್ಣು ಬಟ್ಟೆಗಳ ಕಡೆ ಹೋಗುತ್ತದೆ. ಅಗಸೆ ಎಣ್ಣೆಯನ್ನು ತೆಳುವಾಗಿ ಹಚ್ಚಿ, ಉಳಿದದ್ದನ್ನು ಒರೆಸಿ, ಚೆನ್ನಾಗಿ ಒಣಗಿದ ಮೇಲೆ ಮತ್ತೊಂದು ಕೈ, ಕಡೆಗೆ ಜೇನುಮೇಣ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಬಿಸಿ ಸೇರಿ ತಾನಾಗಿ ಬೆಂಕಿ ಹತ್ತಬಹುದು. ಬಯಲಲ್ಲಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಹಾಕಿಡಿ.

ತೂಗುಹಾಕುವಾಗ ಚರ್ಚೆಯಾಯಿತು. ಹಿರಿಯರಿಗೆ ಅದು ಬಾಗಿಲ ಮೇಲೆ ಎತ್ತರದಲ್ಲಿ ಬೇಕಿತ್ತು, ಎಲ್ಲರಿಗೂ ಕಾಣಲಿ ಅಂತ. ಅಷ್ಟು ಮೇಲಿಟ್ಟರೆ ಕೆಳಗಿನಿಂದ ಬೋಗುಣಿಯ ತಳ ಮಾತ್ರ ಕಾಣುತ್ತದೆ, ಬೆನ್ನು ಕಾಣುವುದಿಲ್ಲ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಏಣಿ ತಂದು, ಇಬ್ಬರು ಹಲಗೆಯನ್ನು ಮೇಲೆ ಹಿಡಿದರು. ಹಿರಿಯರು ಕೆಳಗೆ ನಿಂತು ನೋಡಿದರು. ಆಮೇಲೆ ಕಿಟಕಿ ಪಕ್ಕದ ಗೋಡೆಗೆ, ಬೆಂಚಿನ ಮೇಲೆ ಕೂತವರ ಕಣ್ಣಿನ ಮಟ್ಟಕ್ಕೆ ಇಳಿಸಲು ಒಪ್ಪಿದರು. ಅಲ್ಲಿ ಬೆಳಕು ಪಕ್ಕದಿಂದ ಬೀಳುತ್ತದೆ, ನನಗೂ ಅದೇ ಬೇಕಿತ್ತು.

"ಇಷ್ಟು ಕೆಳಗಿದ್ರೆ ಮಕ್ಕಳು ಮುಟ್ತಾರಲ್ಲ, ಗಾಜು ಹಾಕಿಸೋಣ್ವಾ?" ಎಂದು ಕೇಳಿದರು. ಬೇಡ ಎಂದೆ. ಎಳೆಯ ಉದ್ದಕ್ಕೆ ಇರುವ ಬೆರಳು, ಅಷ್ಟು ಸುಲಭವಾಗಿ ಮುರಿಯುವುದಿಲ್ಲ. ವರ್ಷಕ್ಕೊಮ್ಮೆ ಒಣ ಬ್ರಷ್‌ನಿಂದ ಧೂಳು ತೆಗೆದು ಸ್ವಲ್ಪ ಮೇಣ ಹಚ್ಚಿ, ವಾರ್ನಿಷ್ ಮಾತ್ರ ಯಾರ ಕೈಯಲ್ಲೂ ಹೊಡೆಸಬೇಡಿ ಎಂದು ಹೇಳಿ ಬಂದೆ.